ಸಣ್ಣ ಕಂಪ್ಯೂಟರ್‌ನಲ್ಲಿ ಸ್ವಂತ ಕ್ಲೌಡ್: ಪೋರ್ಟ್ ತೆರೆಯಬೇಕಾ, ಬೇಡವಾ?

ಪುಟ್ಟಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ರಾಸ್‌ಬೆರಿ ಪೈ 4 ಇದೆ, 4 ಜಿಬಿ ರ್ಯಾಮ್. ಜೊತೆಗೆ 1 ಟಿಬಿಯ ಯುಎಸ್‌ಬಿ ಎಸ್‌ಎಸ್‌ಡಿ. ಇದರ ಮೇಲೆ ನೆಕ್ಸ್ಟ್‌ಕ್ಲೌಡ್ (ಸ್ವಂತ ಕ್ಲೌಡ್ ನಡೆಸುವ ಸಾಫ್ಟ್‌ವೇರ್) ಹಾಕಿ, ಮನೆಯವರ ಫೋಟೋ, ಸ್ಕ್ಯಾನ್ ಮಾಡಿದ ದಾಖಲೆಗಳು, ಕ್ಯಾಲೆಂಡರ್, ಫೋನ್ ನಂಬರ್‌ಗಳು ಎಲ್ಲವನ್ನೂ ನಮ್ಮ ಕೈಯಲ್ಲೇ ಇಟ್ಟುಕೊಳ್ಳೋಣ ಅಂತ ಆಸೆ.

ಲಿನಕ್ಸ್ ಕಮಾಂಡ್ ಕೊಟ್ಟು ಕೆಲಸ ಮಾಡಿಸುವಷ್ಟು ಬರುತ್ತೆ. ನೆಟ್‌ವರ್ಕ್ ವಿಷಯ ಬಂದರೆ ಮಾತ್ರ ಕೈಕಾಲು ಆಡಲ್ಲ. ನಾನು ನೋಡಿದ ವಿಡಿಯೋಗಳೆಲ್ಲ "ರೌಟರ್‌ನಲ್ಲಿ 80, 443 ಪೋರ್ಟ್ ಫಾರ್ವರ್ಡ್ ಮಾಡಿ, ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಹಾಕಿ, ಆಯ್ತು" ಅಂತ ಮುಗಿಸಿಬಿಡುತ್ತವೆ. ಅಂದರೆ ಹೊರಗಿನಿಂದ ಬರುವ ಬಾಗಿಲನ್ನು ಪೈ ಕಡೆಗೆ ತೆರೆದು, ಎಚ್‌ಟಿಟಿಪಿಎಸ್ ಬೀಗಕ್ಕೆ ಉಚಿತ ಸರ್ಟಿಫಿಕೇಟ್ ಹಾಕೋದು. ಇಷ್ಟೇನಾ? ಮನೆಯ ದಾಖಲೆಗಳೆಲ್ಲ ಇರುವ ಪೆಟ್ಟಿಗೆ ಅಲ್ವಾ, ಸ್ವಲ್ಪ ಭಯ ಆಗ್ತಿದೆ.

ಬಳಸುವವರು ನಾನು, ಅಪ್ಪ, ಅಮ್ಮ, ತಂಗಿ. ಹೊರಗಿದ್ದಾಗಲೂ ಫೋನ್‌ನಿಂದ ಫೋಟೋ ತಾನಾಗೇ ಅಪ್‌ಲೋಡ್ ಆಗಬೇಕು. ಅಪರೂಪಕ್ಕೆ ನೆಂಟರಿಗೆ ಒಂದು ಆಲ್ಬಮ್‌ನ ಲಿಂಕ್ ಕಳಿಸಬೇಕು. ಎಲ್ಲಿಂದ ಶುರು ಮಾಡಲಿ?

ತಂತಿಜಾಲ

ಪೋರ್ಟ್ ತೆರೆಯಬೇಕಾ ಅನ್ನೋದಕ್ಕಿಂತ ಮೊದಲು, ನಿಮಗೆ ತೆರೆಯೋಕೆ ಆಗುತ್ತಾ ಅಂತ ನೋಡಿಕೊಳ್ಳಿ. ರೌಟರ್‌ನ ಪುಟಕ್ಕೆ ಹೋಗಿ ವ್ಯಾನ್ ಐಪಿ (ಹೊರಗಿನ ಕಡೆಯ ವಿಳಾಸ) ಅಂತ ಏನು ತೋರಿಸುತ್ತೆ ನೋಡಿ. ಆಮೇಲೆ ಬ್ರೌಸರ್‌ನಲ್ಲಿ "ನನ್ನ ಐಪಿ ಯಾವುದು" ಅಂತ ಹುಡುಕಿ. ಎರಡೂ ಒಂದೇ ಇದ್ದರೆ ಸರಿ. ಬೇರೆ ಬೇರೆ ಇದ್ದು, ರೌಟರ್‌ನದು 100.64 ರಿಂದ 100.127 ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಇಂಟರ್ನೆಟ್ ಕೊಡುವವರು ಒಂದೇ ಪಬ್ಲಿಕ್ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದ್ದಾರೆ. ಐಪಿವಿ4 ವಿಳಾಸಗಳು ಮುಗಿಯುತ್ತಾ ಬಂದವು ಅಂತ 2012 ರಲ್ಲಿ ಈ ಸಾಲನ್ನು ಇದಕ್ಕೇ ಎತ್ತಿಟ್ಟರು. ಆಗ ನಿಮ್ಮ ರೌಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಯಾರೂ ಒಳಗೆ ಬರಲ್ಲ. ಎಷ್ಟೋ ಜನ ಇದು ಗೊತ್ತಿಲ್ಲದೆ ರೌಟರ್ ಕೆಟ್ಟಿದೆ ಅಂತ ಬೈತಾ ಕೂತಿರುತ್ತಾರೆ.

ರಾತ್ರಿಪಾಳಿ

ನನ್ನ ಉತ್ತರ ನೇರ. ನಾಲ್ಕೇ ಜನ ಬಳಸುವ ಸರ್ವರ್‌ಗೆ ಜಗತ್ತಿನ ಕಡೆ ಬಾಗಿಲು ಯಾಕೆ ಬೇಕು? ವಿಪಿಎನ್ (ನಿಮ್ಮ ಸಾಧನಗಳ ನಡುವಿನ ಗುಪ್ತ ಸುರಂಗ) ಹಾಕಿ, ನಾಲ್ಕು ಜನರ ಫೋನ್‌ನಲ್ಲಿ ಅದನ್ನು ಆನ್ ಮಾಡಿಡಿ. ಅಲ್ಲಿಗೆ ನಿಮ್ಮ ಅರ್ಧ ಭಯ ಮುಗೀತು.

"ನನ್ನ ವಿಳಾಸ ಯಾರಿಗೆ ಗೊತ್ತಾಗುತ್ತೆ" ಅಂತ ಅನಿಸಬಹುದು. ಗೊತ್ತಾಗುತ್ತೆ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ತಾವು ಕೊಟ್ಟಿದ್ದನ್ನೆಲ್ಲ ಎಲ್ಲರೂ ಓದಬಹುದಾದ ಪಟ್ಟಿಗೆ ಸೇರಿಸುತ್ತವೆ. ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್ ಅಂತ ಅದಕ್ಕೆ. ಲೆಟ್ಸ್ ಎನ್‌ಕ್ರಿಪ್ಟ್ ಕೂಡ ಹಾಗೇ ಮಾಡುತ್ತೆ. ನೀವು 'ಕ್ಲೌಡ್' ಅಂತ ಶುರುವಾಗುವ ಒಂದು ಹೆಸರಿಗೆ ಸರ್ಟಿಫಿಕೇಟ್ ತಗೊಂಡ ಕೂಡಲೇ ಆ ಹೆಸರು ಪಟ್ಟಿಗೆ ಬೀಳುತ್ತೆ. ಬಾಟ್‌ಗಳು ಆ ಪಟ್ಟಿಯನ್ನೇ ಕಾಯ್ತಾ ಇರುತ್ತವೆ. ಅಪ್ಪ ಇನ್ನೂ ಲಾಗಿನ್ ಆಗಿರಲ್ಲ, ಅಷ್ಟರಲ್ಲಿ ಬಾಟ್‌ಗಳು ವರ್ಡ್‌ಪ್ರೆಸ್ ಲಾಗಿನ್ ಪುಟ ಇದೆಯಾ ಅಂತ ತಟ್ಟಿ ನೋಡಿ ಹೋಗಿರುತ್ತವೆ. ಇದರ ಮೇಲೆ, ಇಂಟರ್ನೆಟ್‌ಗೆ ತೆರೆದ ಸಾಧನಗಳನ್ನು ಹುಡುಕುವ ಶೋಡಾನ್ ಥರದವರು ಇಡೀ ಐಪಿವಿ4 ಜಗತ್ತನ್ನೇ ಮತ್ತೆ ಮತ್ತೆ ಸ್ಕ್ಯಾನ್ ಮಾಡ್ತಾ ಇರುತ್ತಾರೆ.

2021 ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಡಿಸ್ಕ್‌ಗಳಿಗೆ ಆಗಿದ್ದು ನೆನಪಿದೆಯಾ? ಮನೆ ಮನೆಯಲ್ಲಿದ್ದ, ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಪೆಟ್ಟಿಗೆಗಳು. ಅವುಗಳಿಗೆ ಅಪ್‌ಡೇಟ್ ಬರೋದು 2015 ರಲ್ಲೇ ನಿಂತಿತ್ತು. ಯಾರೋ ದೂರದಿಂದಲೇ ಫ್ಯಾಕ್ಟರಿ ರಿಸೆಟ್ ಕೊಟ್ಟರು. ಜನ ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕ್ ಖಾಲಿ. ಯಾರೂ ಅವರ ಪಾಸ್‌ವರ್ಡ್ ಊಹಿಸಿರಲಿಲ್ಲ. ರಿಸೆಟ್ ಮಾಡುವ ಜಾಗದಲ್ಲಿ ಪಾಸ್‌ವರ್ಡನ್ನೇ ಕೇಳುತ್ತಿರಲಿಲ್ಲ.

ಬೂದುಬೆಕ್ಕು

ರಾತ್ರಿಪಾಳಿಯವರ ಉದಾಹರಣೆ ಸರಿ, ಆದರೆ ಅದು ಆರು ವರ್ಷ ಅಪ್‌ಡೇಟ್ ಕಾಣದ ಪೆಟ್ಟಿಗೆಯ ಕಥೆ. ನೆಕ್ಸ್ಟ್‌ಕ್ಲೌಡ್ ಇಂಟರ್ನೆಟ್‌ಗೆ ತೆರೆದಿಡೋಕೆ ಅಂತಲೇ ಬರೆದ ಸಾಫ್ಟ್‌ವೇರ್. 2016 ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದು ಬಂದಿದ್ದು, ಇವತ್ತಿಗೂ ಚುರುಕಾಗಿ ನಡೀತಿದೆ. ಅಪ್‌ಡೇಟ್ ಮಾಡ್ತಾ ಇದ್ದು, ಎರಡನೇ ಹಂತದ ಲಾಗಿನ್ ಎಲ್ಲರಿಗೂ ಕಡ್ಡಾಯ ಮಾಡಿದರೆ ತೆರೆದಿಡುವುದರಲ್ಲಿ ತಪ್ಪಿಲ್ಲ.

ವಿಪಿಎನ್ ಹಾಕಿಕೊಡಿ ಅನ್ನೋದು ಸುಲಭ. ಮನೆಯಲ್ಲಿ ನಡೆಯೋದು ಬೇರೆ. ಆಂಡ್ರಾಯ್ಡ್‌ನಲ್ಲಿ ಒಂದು ಸಲಕ್ಕೆ ಒಂದೇ ವಿಪಿಎನ್ ಓಡುತ್ತೆ. ತಂಗಿ ಆಫೀಸ್ ವಿಪಿಎನ್ ಆನ್ ಮಾಡಿದ ಕೂಡಲೇ ಮನೆಯದು ಆಫ್. ಮತ್ತೆ ಆನ್ ಮಾಡೋದು ಮರೆತರೆ ಫೋಟೋ ಅಪ್‌ಲೋಡ್ ನಿಂತಿದ್ದು ಯಾರಿಗೂ ಗೊತ್ತಾಗಲ್ಲ. ಬ್ಯಾಟರಿ ಉಳಿಸ್ತೀನಿ ಅಂತ ಫೋನೇ ವಿಪಿಎನ್ ಆ್ಯಪ್ ಅನ್ನು ಮಲಗಿಸಿಬಿಡುತ್ತೆ. "ಕ್ಲೌಡ್ ಬರ್ತಿಲ್ಲ ಕಣೋ" ಅಂತ ಮನೆಯಿಂದ ಫೋನ್ ಬರೋದು ನಿಮಗೇ. ಇನ್ನು ನೆಂಟರಿಗೆ ಲಿಂಕ್ ಕಳಿಸೋದಂತೂ ವಿಪಿಎನ್ ಒಳಗಿದ್ದರೆ ಆಗಲ್ಲ.

ತೆರೆಯೋದೇ ಆದರೆ ಇಷ್ಟು ಮಾಡಿ. ರೌಟರ್‌ನಲ್ಲಿ ಯುಪಿಎನ್‌ಪಿ ಆಫ್ ಮಾಡಿ, ಇಲ್ಲದಿದ್ದರೆ ಮನೆಯ ಯಾವುದೋ ಕ್ಯಾಮೆರಾ ತಾನೇ ಪೋರ್ಟ್ ತೆರೆದುಕೊಂಡಿರುತ್ತೆ. ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಬಳಸುವ 22 ನೇ ಪೋರ್ಟನ್ನು ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ. ಅಡ್ಮಿನ್ ಖಾತೆ ಬೇರೆ, ದಿನಾ ಬಳಸುವ ಖಾತೆ ಬೇರೆ ಇರಲಿ. ಫೋನ್ ಆ್ಯಪ್‌ಗಳಿಗೆ ಒಂದೊಂದಕ್ಕೂ ಬೇರೆ ಆ್ಯಪ್ ಪಾಸ್‌ವರ್ಡ್ ಕೊಡಿ. ಫೋನ್ ಕಳೆದುಹೋದರೆ ಅದೊಂದನ್ನೇ ರದ್ದು ಮಾಡಬಹುದು.

ರಾತ್ರಿಪಾಳಿ

> ಅಪ್‌ಡೇಟ್ ಮಾಡ್ತಾ ಇದ್ದು

ಇಲ್ಲೇ ಇರೋದು ತೊಡಕು. ನೆಕ್ಸ್ಟ್‌ಕ್ಲೌಡ್‌ನ ಒಂದು ದೊಡ್ಡ ಆವೃತ್ತಿಗೆ ಹೆಚ್ಚುಕಮ್ಮಿ ಒಂದು ವರ್ಷ ಮಾತ್ರ ಅಪ್‌ಡೇಟ್ ಸಿಗುತ್ತೆ. ನಡುವಿನ ಆವೃತ್ತಿ ಬಿಟ್ಟು ಹಾರೋಕೂ ಆಗಲ್ಲ, ಒಂದೊಂದೇ ಮೆಟ್ಟಿಲು ಹತ್ತಬೇಕು. ಎರಡು ವರ್ಷ ಸುಮ್ನೆ ಬಿಟ್ಟವರು ಆಮೇಲೆ ಒಂದೊಂದೇ ಆವೃತ್ತಿ ಏರಿಸ್ತಾ, ಪ್ರತಿ ಸಲ ಪಿಎಚ್‌ಪಿ ಆವೃತ್ತಿ ಹೊಂದುತ್ತಾ ಅಂತ ನೋಡ್ತಾ ಕೂರಬೇಕು. ಆಸೆ ಇರುವಾಗ ಎಲ್ಲರೂ ಅಪ್‌ಡೇಟ್ ಮಾಡುತ್ತಾರೆ. ಕೆಲಸ ಜಾಸ್ತಿಯಾಗಿ ನಾಲ್ಕು ತಿಂಗಳು ಪೈ ಕಡೆ ತಿರುಗಿ ನೋಡದ ಕಾಲಕ್ಕೆ ಏನು ವ್ಯವಸ್ಥೆ? ವಿಪಿಎನ್ ಒಳಗಿದ್ದರೆ ಆ ನಾಲ್ಕು ತಿಂಗಳು ತಡೆದುಕೊಳ್ಳಬಹುದು. ನನ್ನ ವಾದ ಇಷ್ಟೇ.

ಅಂದ ಹಾಗೆ ವೈರ್‌ಗಾರ್ಡ್ ಅನ್ನೋ ವಿಪಿಎನ್‌ನ ಒಂದು ಗುಣ ನನಗೆ ತುಂಬಾ ಇಷ್ಟ. ಸರಿಯಾದ ಕೀ ಇಲ್ಲದವರು ಬಾಗಿಲು ತಟ್ಟಿದರೆ ಅದು ಉತ್ತರವನ್ನೇ ಕೊಡಲ್ಲ. "ಇಲ್ಲ ಹೋಗು" ಅಂತಲೂ ಹೇಳಲ್ಲ. ಸ್ಕ್ಯಾನ್ ಮಾಡುವವನಿಗೆ ಅಲ್ಲೊಂದು ಸರ್ವರ್ ಇದೆ ಅಂತಲೇ ಗೊತ್ತಾಗಲ್ಲ. 2020 ರಿಂದ ಅದು ಲಿನಕ್ಸ್ ಕರ್ನಲ್‌ನ ಒಳಗೇ ಇದೆ, 5.6 ನೇ ಆವೃತ್ತಿಯಿಂದ. ಪೈ ಮೇಲೂ ಹಗುರವಾಗಿ ಓಡುತ್ತೆ.

ಪುಟ್ಟಪೆಟ್ಟಿಗೆ

ರೌಟರ್ ನೋಡಿದೆ. ವ್ಯಾನ್ ಐಪಿ 100.8 ಅಲ್ಲ, 100.80 ರಿಂದ ಶುರು. ಹೊರಗಿಂದ ನೋಡಿದರೆ ಬೇರೆಯೇ ತೋರಿಸುತ್ತೆ. ಅಂದರೆ ಸಿಜಿನ್ಯಾಟ್, ಅಲ್ವಾ? ನೀವಿಬ್ಬರೂ ವಾದ ಮಾಡಿದ್ದು ನನಗೆ ಅನ್ವಯಿಸೋದೇ ಇಲ್ಲ ಅಂತಾಯ್ತು 😀 ಈಗ ದಾರಿ ಏನು?

ತಂತಿಜಾಲ

ದಾರಿ ಇದೆ. ಒಳಗಿನಿಂದ ಹೊರಗೆ ಸಂಪರ್ಕ ಮಾಡೋಕೆ ಸಿಜಿನ್ಯಾಟ್ ಅಡ್ಡ ಬರಲ್ಲ, ಆದ್ದರಿಂದ ಪೈ ತಾನೇ ಹೊರಗೆ ಹೋಗಿ ಒಂದು ಸುರಂಗ ಕಟ್ಟಬೇಕು.

ಟೇಲ್‌ಸ್ಕೇಲ್ ಅನ್ನೋ ವಿಪಿಎನ್ ಸೇವೆ ಎಲ್ಲಕ್ಕಿಂತ ಸುಲಭ. ಒಳಗೆ ವೈರ್‌ಗಾರ್ಡೇ ಇದೆ. ಪೈ ಮೇಲೆ ಒಂದು, ಪ್ರತಿ ಫೋನ್‌ನಲ್ಲಿ ಒಂದು ಹಾಕಿದರೆ ಅವು ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಆದಷ್ಟು ನೇರವಾಗಿ ಮಾತಾಡುತ್ತವೆ, ಆಗದಿದ್ದರೆ ಅವರ ರಿಲೇ (ನಡುವಿನ ಸರ್ವರ್) ಮೂಲಕ ಹೋಗುತ್ತವೆ. ರಿಲೇಗೂ ಒಳಗಿನದು ಕಾಣಲ್ಲ, ಯಾಕೆಂದರೆ ಖಾಸಗಿ ಕೀಗಳು ನಿಮ್ಮ ಸಾಧನಗಳಲ್ಲೇ ಇರುತ್ತವೆ. ಯಾವ ಸಾಧನ ನಿಮ್ಮ ಜಾಲಕ್ಕೆ ಸೇರಿದೆ ಅಂತ ಲೆಕ್ಕ ಇಡೋದು ಮಾತ್ರ ಅವರ ಸರ್ವರ್. ಅದೂ ಬೇಡ ಅನ್ನುವವರಿಗೆ ಹೆಡ್‌ಸ್ಕೇಲ್ ಅಂತ ಇದೆ, ಅದನ್ನು ನೀವೇ ನಡೆಸಬೇಕು. ಒಂದು ತಮಾಷೆ ಏನೆಂದರೆ ಟೇಲ್‌ಸ್ಕೇಲ್ ಕೊಡುವ ವಿಳಾಸಗಳೂ ಅದೇ 100.64 ರ ಸಾಲಿನವು. ನೋಡಿ ಗಾಬರಿಯಾಗಬೇಡಿ.

ಎರಡನೆಯದು ಕ್ಲೌಡ್‌ಫ್ಲೇರ್ ಟನಲ್, ಆ ಕಂಪನಿಯ ಸರ್ವರ್‌ಗಳ ಮೂಲಕ ಹೋಗುವ ಸುರಂಗ. ಬ್ರೌಸರ್‌ನಲ್ಲೇ ತೆರೆಯುತ್ತೆ, ಫೋನ್‌ಗೆ ಏನೂ ಹಾಕಬೇಕಿಲ್ಲ. ಆದರೆ ಎಚ್‌ಟಿಟಿಪಿಎಸ್ ಬೀಗ ಬಿಚ್ಚೋದು ಅವರ ಸರ್ವರ್‌ನಲ್ಲಿ. ಅಲ್ಲಿಂದ ಮತ್ತೆ ಮುಚ್ಚಿ ನಿಮ್ಮ ಪೈಗೆ ಕಳಿಸುತ್ತಾರೆ. ನಡುವೆ ನಿಮ್ಮ ಫೈಲ್ ಅವರಿಗೆ ಕಾಣುವ ಹಾಗೆ ಇರುತ್ತೆ. "ನಮ್ಮ ಕೈಯಲ್ಲೇ ಇರಲಿ" ಅಂತ ಹೊರಟವರಿಗೆ ಇದು ಒಪ್ಪುತ್ತಾ ಅಂತ ನೀವೇ ಯೋಚಿಸಿ. ಉಚಿತ ಯೋಜನೆಯಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡ ಅಪ್‌ಲೋಡ್ ಹೋಗಲ್ಲ. ನೆಕ್ಸ್ಟ್‌ಕ್ಲೌಡ್ ಆ್ಯಪ್‌ಗಳು ದೊಡ್ಡ ಫೈಲನ್ನು ತುಂಡು ಮಾಡಿ ಕಳಿಸುವುದರಿಂದ ಬಚಾವ್, ಬೇರೆ ಆ್ಯಪ್‌ಗಳು ಸಿಕ್ಕಿಹಾಕಿಕೊಳ್ಳುತ್ತವೆ.

ಮೂರನೆಯದು, ಒಂದು ಚಿಕ್ಕ ವಿಪಿಎಸ್ (ಪಬ್ಲಿಕ್ ವಿಳಾಸವಿರುವ ದೂರದ ಸರ್ವರ್) ಬಾಡಿಗೆಗೆ ತಗೊಂಡು ಅಲ್ಲಿಗೆ ಪೈಯಿಂದ ವೈರ್‌ಗಾರ್ಡ್ ಎಳೆಯೋದು. ಎಲ್ಲಕ್ಕಿಂತ ಸ್ವತಂತ್ರ, ಆದರೆ ನೋಡಿಕೊಳ್ಳಬೇಕಾದ ಸರ್ವರ್ ಎರಡಾಗುತ್ತೆ. ಐಪಿವಿ6 (ಹೊಸ ಮಾದರಿಯ ಇಂಟರ್ನೆಟ್ ವಿಳಾಸ) ಕೂಡ ಒಂದು ದಾರಿ. ಆದರೆ ನೀವು ಹೋದ ಕಡೆಯ ವೈಫೈನಲ್ಲಿ ಐಪಿವಿ6 ಇಲ್ಲದಿದ್ದರೆ ಕೈ ಕೊಡುತ್ತೆ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಟೇಲ್‌ಸ್ಕೇಲ್ ಹಾಕಿ ಮುಗಿಸುತ್ತಿದ್ದೆ.

ಕೀಲಿಕೈ

ನೆಟ್‌ವರ್ಕ್ ಬಗ್ಗೆ ಇಷ್ಟೊಂದು ಚರ್ಚೆ ಆಯ್ತು, ಪೆಟ್ಟಿಗೆಯ ಕಡೆ ಯಾರೂ ನೋಡಲಿಲ್ಲ. ಹ್ಯಾಕ್ ಆಗಿ ಫೈಲ್ ಹೋಗುವ ಮನೆಗಳಿಗಿಂತ ಪವರ್ ಸರಿ ಇಲ್ಲದೆ ಫೈಲ್ ಹೋಗುವ ಮನೆಗಳೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಪೈ 4 ಗೆ 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಬೇಕು. ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಅದು ಕೊಡೋದು 1.2 ಆಂಪಿಯರ್. ಫೋನ್ ಚಾರ್ಜರ್ ಹಾಕಿದರೆ ಆನ್ ಆಗುತ್ತೆ, ಓಡುತ್ತೆ, ಎಸ್‌ಎಸ್‌ಡಿಗೆ ಜೋರಾಗಿ ಬರೆಯುವ ಹೊತ್ತಿಗೆ ವೋಲ್ಟೇಜ್ ಕುಸಿದು ಡಿಸ್ಕ್ ಕಳಚಿಕೊಳ್ಳುತ್ತೆ. ಪೈ ಜೊತೆ ಬರುವ ವಿಸಿಜೆನ್‌ಕಮಾಂಡ್‌ನಲ್ಲಿ ಥ್ರಾಟಲ್ಡ್ ಸ್ಥಿತಿ (ವೋಲ್ಟೇಜ್ ಸಾಲದೆ ವೇಗ ಇಳಿದಿದೆಯಾ ಅಂತ) ಕೇಳಿ ನೋಡಿ. ಸೊನ್ನೆ ಬಂದರೆ ಆರಾಮ. ಕೊನೆಯಲ್ಲಿ 50005 ಬಂದರೆ ಈಗಲೇ ವೋಲ್ಟೇಜ್ ಕಡಿಮೆ ಇದೆ. 50000 ಬಂದರೆ ಆನ್ ಮಾಡಿದಾಗಿನಿಂದ ಯಾವಾಗಲೋ ಕಡಿಮೆ ಆಗಿತ್ತು.

ಎಸ್‌ಎಸ್‌ಡಿಯನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್‌ಗೇ ಹಾಕಿ. ಯುಎಸ್‌ಬಿ 3 ಸಾಧನಗಳು 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಿ ಮಾಡುತ್ತವೆ, ಅದಕ್ಕೇ ರೌಟರ್‌ಗೆ ಕೇಬಲ್ ಎಳೆಯಿರಿ. ಪೈ 4 ರಲ್ಲಿ ಪೂರ್ತಿ ಗಿಗಾಬಿಟ್ ಸಿಗುತ್ತೆ. ಕೆಲವು ಯುಎಸ್‌ಬಿ-ಸಾಟಾ ಅಡಾಪ್ಟರ್‌ಗಳು ಯುಎಎಸ್ (ಯುಎಸ್‌ಬಿ ಡಿಸ್ಕ್ ಜೊತೆ ವೇಗವಾಗಿ ಮಾತಾಡುವ ವಿಧಾನ) ಡ್ರೈವರ್ ಜೊತೆ ಹೊಂದಲ್ಲ, ಡಿಸ್ಕ್ ಆಗಾಗ ಮಾಯ ಆಗುತ್ತೆ. ಹಾಗಾದರೆ ಕರ್ನಲ್ ಕಮಾಂಡ್‌ಲೈನ್‌ನಲ್ಲಿ ಕ್ವರ್ಕ್ (ಆ ಸಾಧನಕ್ಕೆ ಮಾತ್ರ ವಿನಾಯಿತಿ) ಹಾಕಿ ಯುಎಎಸ್ ಆಫ್ ಮಾಡಿ. ವೇಗ ಸ್ವಲ್ಪ ಇಳಿಯುತ್ತೆ, ಡಿಸ್ಕ್ ನಿಲ್ಲುತ್ತೆ.

ಡೇಟಾಬೇಸ್ ಎಸ್‌ಡಿ ಕಾರ್ಡ್ ಮೇಲೆ ಬೇಡವೇ ಬೇಡ. ಪೈ 4 ಎಸ್‌ಎಸ್‌ಡಿಯಿಂದಲೇ ಬೂಟ್ ಆಗುತ್ತೆ, ಕಾರ್ಡ್ ತೆಗೆದೇ ಇಡಿ. ಡಿಸ್ಕ್‌ಗೆ ಲಿನಕ್ಸ್‌ನ ಎಕ್ಸ್ಟ್4 ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನಿಂದ ಬಂದ ಎನ್‌ಟಿಎಫ್‌ಎಸ್ ಹಾಗೇ ಬಿಟ್ಟರೆ ಫೈಲ್ ಅನುಮತಿಗಳ ವಿಷಯದಲ್ಲಿ ಒದ್ದಾಡ್ತೀರಿ.

ಪುಟ್ಟಪೆಟ್ಟಿಗೆ

ಕೀಲಿಕೈ ಅವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. 50005 ಬಂತು! ಹಳೆ ಫೋನ್ ಚಾರ್ಜರ್ ತೆಗೆದು ಸರಿಯಾದ ಅಡಾಪ್ಟರ್ ಹಾಕಿದೆ, ಈಗ ಸೊನ್ನೆ. ಸಿಸ್ಟಂ ಎಸ್‌ಡಿ ಕಾರ್ಡ್‌ನಲ್ಲೇ ಇಟ್ಟು, ಡೇಟಾಬೇಸ್ ಮತ್ತು ಫೈಲ್‌ಗಳನ್ನು ಎಸ್‌ಎಸ್‌ಡಿಗೆ ಹಾಕೋಣ ಅಂದುಕೊಂಡಿದ್ದೇನೆ. ಪೂರ್ತಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಬೇಕಾ? ಕಳ್ಳತನ ಆದರೆ ಅಂತ ಯೋಚನೆ.

ಕೀಲಿಕೈ

ಆ ವಿಂಗಡಣೆ ನಡೆಯುತ್ತೆ, ಎನ್‌ಕ್ರಿಪ್ಟ್ ಮಾಡೋದಾದರೆ ಅದೇ ಅನುಕೂಲ ಕೂಡ. ಸಿಸ್ಟಂ ಹಾಗೇ ಇರಲಿ, ಎಸ್‌ಎಸ್‌ಡಿಗೆ ಮಾತ್ರ ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಹಾಕಿ. ಕರೆಂಟ್ ಹೋಗಿ ಬಂದರೆ ಪೈ ತಾನೇ ಎದ್ದು ನಿಲ್ಲುತ್ತೆ. ನೀವು ಟೇಲ್‌ಸ್ಕೇಲ್ ಮೂಲಕ ಎಸ್‌ಎಸ್‌ಎಚ್ ಮಾಡಿ, ಪಾಸ್‌ಫ್ರೇಸ್ ಕೊಟ್ಟು ಡಿಸ್ಕ್ ತೆರೆದರೆ ನೆಕ್ಸ್ಟ್‌ಕ್ಲೌಡ್ ಶುರು. ಅಲ್ಲಿಯವರೆಗೆ ಮನೆಯವರಿಗೆ ಕ್ಲೌಡ್ ಇಲ್ಲ. ಕೀ ಫೈಲನ್ನು ಎಸ್‌ಡಿ ಕಾರ್ಡ್‌ನಲ್ಲೇ ಇಟ್ಟು ತಾನಾಗೇ ತೆರೆಯುವ ಹಾಗೆ ಮಾಡುವವರಿದ್ದಾರೆ. ಕಳ್ಳ ಎರಡನ್ನೂ ಒಟ್ಟಿಗೇ ಎತ್ತಿಕೊಂಡು ಹೋಗುತ್ತಾನೆ, ಬೀಗದ ಜೊತೆ ಕೀಲಿಯನ್ನೂ ಕೊಟ್ಟು ಕಳಿಸಿದ ಹಾಗೆ.

ಪೈ 4 ರ ಚಿಪ್‌ನಲ್ಲಿ ಎಇಎಸ್‌ ಎಂಬ ಎನ್‌ಕ್ರಿಪ್ಶನ್ ವಿಧಾನಕ್ಕೆ ಬೇಕಾದ ವಿಶೇಷ ಸೂಚನೆಗಳಿಲ್ಲ, ಹಾಗಾಗಿ ಮಾಮೂಲಿ ಎಇಎಸ್ ನಿಧಾನ. ಇಂಥ ಚಿಪ್‌ಗಳಿಗೆ ಅಂತಲೇ ಗೂಗಲ್‌ನವರು ಅಡಿಯಾಂಟಮ್ ಅನ್ನೋ ವಿಧಾನ ತಂದರು. ಲಕ್ಸ್ ಮಾಡುವಾಗ ಅದನ್ನು ಆರಿಸಿದರೆ ಪೈ 4 ರಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸ. ಪೈ 5 ರಲ್ಲಿ ಎಇಎಸ್ ಸೂಚನೆಗಳು ಬಂದಿವೆ, ಅಲ್ಲಿ ಈ ತಲೆನೋವಿಲ್ಲ.

ನೆಕ್ಸ್ಟ್‌ಕ್ಲೌಡ್‌ನ ಸೆಟ್ಟಿಂಗ್‌ನಲ್ಲಿ ಸರ್ವರ್-ಸೈಡ್ ಎನ್‌ಕ್ರಿಪ್ಶನ್ ಅಂತ ಒಂದು ಗುಂಡಿ ಕಾಣುತ್ತೆ. ಆಸೆಪಟ್ಟು ಒತ್ತಬೇಡಿ. ಅದು ಇರೋದು ಫೈಲ್‌ಗಳನ್ನು ಬೇರೆಯವರ ಸ್ಟೋರೇಜ್‌ನಲ್ಲಿ ಇಡುವವರಿಗೆ. ಕೀ ಅದೇ ಸರ್ವರ್‌ನಲ್ಲಿ, ಫೈಲೂ ಅದೇ ಸರ್ವರ್‌ನಲ್ಲಿ ಇದ್ದರೆ ಲಾಭ ಇಲ್ಲ. ಫೈಲ್‌ಗಳು ಜಾಗ ಜಾಸ್ತಿ ತಿನ್ನುತ್ತವೆ, ಮರಳಿ ಪಡೆಯೋದೂ ಕಷ್ಟ.

ಒಂದು ಮುಖ್ಯ ವಿಷಯ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಸೇರಬೇಕು ಅನ್ನೋ ಪಟ್ಟಿ) ಡಿಸ್ಕ್ ಹೆಸರು ಬರೆಯಬೇಡಿ, ಬದಲಾಗದ ಗುರುತಾದ ಯುಯುಐಡಿ ಬರೆಯಿರಿ. ಯುಎಸ್‌ಬಿ ಡಿಸ್ಕ್‌ನ ಹೆಸರು ಬೂಟ್‌ನಿಂದ ಬೂಟ್‌ಗೆ ಬದಲಾಗಬಹುದು. ನೋಫೇಲ್ ಸೇರಿಸಿ, ಇಲ್ಲದಿದ್ದರೆ ಡಿಸ್ಕ್ ಸಿಗದ ದಿನ ಪೈ ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತೆ. ಆದರೆ ನೋಫೇಲ್ ಹಾಕಿದ ಮೇಲೆ ಇನ್ನೊಂದು ಅಪಾಯ. ಡಿಸ್ಕ್ ಇಲ್ಲದೆ ಬೂಟ್ ಆದರೆ ಆ ಜಾಗದಲ್ಲಿ ಖಾಲಿ ಫೋಲ್ಡರ್ ಇರುತ್ತೆ, ಪ್ರೋಗ್ರಾಂಗಳು ಅದನ್ನೇ ಡಿಸ್ಕ್ ಅಂದುಕೊಂಡು ಎಸ್‌ಡಿ ಕಾರ್ಡ್ ತುಂಬಿಸುತ್ತವೆ. ನೆಕ್ಸ್ಟ್‌ಕ್ಲೌಡ್ ಇದಕ್ಕೆ ಒಂದು ಉಪಾಯ ಇಟ್ಟಿದೆ. ಡೇಟಾ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಎನ್‌ಸಿಡೇಟಾ ಎಂಬ ಫೈಲ್ ಇರುತ್ತೆ, ಹಳೆ ಆವೃತ್ತಿಗಳಲ್ಲಿ ಅದರ ಹೆಸರು ಓಸಿಡೇಟಾ. ಅದು ಕಾಣದಿದ್ದರೆ ನೆಕ್ಸ್ಟ್‌ಕ್ಲೌಡ್ ಓಡಲ್ಲ ಅಂತ ಹಟ ಹಿಡಿಯುತ್ತೆ. ಆ ಎರರ್ ಬಂದಾಗ ಕೆಲವರು ಆ ಫೈಲನ್ನು ತಾವೇ ಸೃಷ್ಟಿಸಿ "ಸರಿಯಾಯ್ತು" ಅನ್ನುತ್ತಾರೆ. ದಯವಿಟ್ಟು ಬೇಡ. ಮೊದಲು ಡಿಸ್ಕ್ ಎಲ್ಲಿ ಅಂತ ನೋಡಿ.

ಸೊನ್ನೆಒಂದು

ನೆಕ್ಸ್ಟ್‌ಕ್ಲೌಡನ್ನು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಫ್ಟ್‌ವೇರ್) ಹಾಕುವವರಿಗೆ ಒಂದು ಮಾತು. ಯುಎಫ್‌ಡಬ್ಲ್ಯೂ (ಲಿನಕ್ಸ್‌ನ ಸರಳ ಫೈರ್‌ವಾಲ್) ಆನ್ ಮಾಡಿ, ಎಲ್ಲ ಪೋರ್ಟ್ ಮುಚ್ಚಿದ್ದೇನೆ ಅಂತ ನೆಮ್ಮದಿಯಾಗಿ ಇರಬೇಡಿ. ಡಾಕರ್ ಪೋರ್ಟ್ ಪ್ರಕಟಿಸುವಾಗ ತನ್ನದೇ ಐಪಿಟೇಬಲ್ಸ್ ಫೈರ್‌ವಾಲ್ ನಿಯಮಗಳನ್ನು ಹಾಕಿಕೊಳ್ಳುತ್ತೆ, ಯುಎಫ್‌ಡಬ್ಲ್ಯೂ ಮುಚ್ಚಿದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಯುಎಫ್‌ಡಬ್ಲ್ಯೂ ಪಟ್ಟಿಯಲ್ಲಿ ಪೋರ್ಟ್ ಮುಚ್ಚಿದೆ ಅಂತ ತೋರಿಸ್ತಾ ಇರುತ್ತೆ, ಬೇರೆ ಕಂಪ್ಯೂಟರ್‌ನಿಂದ ನೋಡಿದರೆ ತೆರೆದಿರುತ್ತೆ. ಡಾಕರ್‌ನ ಕಂಪೋಸ್ ಫೈಲ್‌ನಲ್ಲಿ ಪೋರ್ಟ್ ನಂಬರಿನ ಮುಂದೆ 127.0.0.1 ಸೇರಿಸಿ, ಆಗ ಪೈ ಒಳಗಿನವರಿಗೆ ಮಾತ್ರ ಸಿಗುತ್ತೆ. ಹೊರಗೆ ಕಾಣಬೇಕಾದ್ದು ರಿವರ್ಸ್ ಪ್ರಾಕ್ಸಿ (ಬಂದ ಕೋರಿಕೆಯನ್ನು ನೆಕ್ಸ್ಟ್‌ಕ್ಲೌಡ್‌ಗೆ ದಾಟಿಸುವ ಪ್ರೋಗ್ರಾಂ) ಒಂದೇ.

ಆ ಪ್ರಾಕ್ಸಿಯ ವಿಳಾಸವನ್ನು ನೆಕ್ಸ್ಟ್‌ಕ್ಲೌಡ್‌ನ ಟ್ರಸ್ಟೆಡ್ ಪ್ರಾಕ್ಸಿ ಪಟ್ಟಿಗೆ ಸೇರಿಸೋದು ಮರೆಯಬೇಡಿ. ಮರೆತರೆ ಎಲ್ಲರೂ ಒಂದೇ ವಿಳಾಸದಿಂದ ಬಂದ ಹಾಗೆ ಕಾಣುತ್ತೆ. ಅಮ್ಮ ಪಾಸ್‌ವರ್ಡ್ ನಾಲ್ಕು ಸಲ ತಪ್ಪು ಹಾಕಿದರೆ ಇಡೀ ಮನೆಗೇ ಲಾಗಿನ್ ನಿಧಾನ ಆಗುತ್ತೆ. ತಪ್ಪು ಲಾಗಿನ್ ನೋಡಿ ವಿಳಾಸ ತಡೆಯುವ ಫೇಲ್2ಬ್ಯಾನ್ ಕೂಡ ಇದ್ದರೆ ಅದು ಪ್ರಾಕ್ಸಿಯನ್ನೇ ಬ್ಯಾನ್ ಮಾಡಿ ಕೂರುತ್ತೆ.

ಎಸ್‌ಎಸ್‌ಎಚ್‌ಗೆ ಕೀ ಹಾಕಿ ಪಾಸ್‌ವರ್ಡ್ ಲಾಗಿನ್ ಮುಚ್ಚಿ. ಮುಚ್ಚುವಾಗ ಒಂದು ಸೆಶನ್ ತೆರೆದೇ ಇರಲಿ, ಇನ್ನೊಂದು ಟರ್ಮಿನಲ್‌ನಿಂದ ಕೀ ಕೆಲಸ ಮಾಡುತ್ತಾ ಅಂತ ನೋಡಿ. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಆನ್ ಮಾಡಿದರೆ ಡೆಬಿಯನ್ ಕಡೆಯ ಭದ್ರತಾ ಅಪ್‌ಡೇಟ್‌ಗಳು ತಾವಾಗೇ ಬರುತ್ತವೆ. ಹಳೆ ಬರಹಗಳಲ್ಲಿ ಪೈಗೆ ಒಂದು ಡೀಫಾಲ್ಟ್ ಪಾಸ್‌ವರ್ಡ್ ಹೇಳಿರುತ್ತಾರೆ, 2022 ರಿಂದ ಅದು ಇಲ್ಲ. ಇಮೇಜ್ ಬರೆಯುವಾಗಲೇ ನಿಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟುಕೊಳ್ಳಿ.

ಪುಟ್ಟಪೆಟ್ಟಿಗೆ

ಟೇಲ್‌ಸ್ಕೇಲ್ ಹಾಕಿದೆ, ನೆಕ್ಸ್ಟ್‌ಕ್ಲೌಡೂ ಎದ್ದಿದೆ. ಮನೆಯ ವಿಳಾಸದಲ್ಲಿ ಸರಿಯಾಗಿ ಬರುತ್ತೆ, ಟೇಲ್‌ಸ್ಕೇಲ್ ಹೆಸರಲ್ಲಿ ತೆರೆದರೆ "ನಂಬಿಕೆಯಿಲ್ಲದ ಡೊಮೇನ್" ಅಂತ ತಡೆಯುತ್ತೆ. ಇನ್ನೊಂದು ಪ್ರಶ್ನೆ, ವಿಪಿಎನ್ ಒಳಗೇ ಇರುವಾಗ ಎಚ್‌ಟಿಟಿಪಿಎಸ್ ಬೇಕಾ?

ತಂತಿಜಾಲ

ಮೊದಲನೆಯದು ಸುಲಭ. ಕಾನ್ಫಿಗ್ ಫೈಲ್‌ನ ಟ್ರಸ್ಟೆಡ್ ಡೊಮೇನ್ಸ್ ಪಟ್ಟಿಗೆ ಆ ಹೆಸರು ಸೇರಿಸಿ.

ಎಚ್‌ಟಿಟಿಪಿಎಸ್ ಹಾಕಿ. ಸುರಂಗ ಈಗಾಗಲೇ ಗುಪ್ತ, ನಿಜ. ಆದರೆ ಫೋನ್ ಆ್ಯಪ್‌ಗಳು, ಬ್ರೌಸರ್‌ಗಳು ಬರೀ ಎಚ್‌ಟಿಟಿಪಿ ಕಂಡರೆ ಮುಖ ಸಿಂಡರಿಸುತ್ತವೆ. ಸ್ವಂತ ಡೊಮೇನ್ ಇದ್ದರೆ ಡಿಎನ್‌ಎಸ್-01 ವಿಧಾನದಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ತಗೊಳ್ಳಿ. ಡಿಎನ್‌ಎಸ್‌ನಲ್ಲಿ ಒಂದು ದಾಖಲೆ ಬರೆದು ತೋರಿಸಿದರೆ ಸಾಕು, ಪೋರ್ಟ್ 80 ತೆರೆಯುವ ಮಾತೇ ಇಲ್ಲ. ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ (ಡೊಮೇನ್ ಕೆಳಗಿನ ಹೆಸರುಗಳಿಗೆಲ್ಲ ಒಂದೇ) ತಗೊಂಡರೆ ರಾತ್ರಿಪಾಳಿಯವರು ಹೇಳಿದ ಪಟ್ಟಿಯಲ್ಲಿ ನಿಮ್ಮ ಸರ್ವರ್‌ನ ಪೂರ್ತಿ ಹೆಸರೂ ಬೀಳಲ್ಲ. ಡೊಮೇನ್ ಇಲ್ಲದಿದ್ದರೆ ಟೇಲ್‌ಸ್ಕೇಲೇ ತನ್ನ ಹೆಸರಿಗೆ ಸರ್ಟಿಫಿಕೇಟ್ ಕೊಡಿಸುತ್ತೆ, ಆ ಹೆಸರು ಪಟ್ಟಿಗೆ ಬೀಳುತ್ತೆ ಅಷ್ಟೇ. ನವೀಕರಣ ತಾನಾಗೇ ಆಗ್ತಿದೆಯಾ ಅಂತ ಕಣ್ಣಿಡಿ. ಅವಧಿ ಮುಗಿಯುತ್ತೆ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನವರು ಕಳಿಸುತ್ತಿದ್ದ ಇಮೇಲ್ 2025 ರಲ್ಲಿ ನಿಂತುಹೋಯ್ತು.

ಬೂದುಬೆಕ್ಕು

ನೆಂಟರಿಗೆ ಲಿಂಕ್ ಕಳಿಸುವ ಪ್ರಶ್ನೆ ಹಾಗೇ ಉಳೀತು ನೋಡಿ. ಟೇಲ್‌ಸ್ಕೇಲ್‌ನಲ್ಲಿ ಫನಲ್ ಅಂತ ಇದೆ, ಪೈ ಮೇಲಿನ ಒಂದು ಸೇವೆಯನ್ನು ಹೊರ ಜಗತ್ತಿಗೆ ತೋರಿಸುತ್ತೆ. ಬೀಗ ಬಿಚ್ಚೋದು ಪೈ ಮೇಲೇ, ಹಾಗಾಗಿ ಕ್ಲೌಡ್‌ಫ್ಲೇರ್ ಟನಲ್‌ನ ತಕರಾರು ಇಲ್ಲಿಲ್ಲ.

ರಾತ್ರಿಪಾಳಿ

ಅದನ್ನು ಆನ್ ಮಾಡಿದರೆ ಲಾಗಿನ್ ಪುಟವೂ ಹೊರಗೆ ಬಂತಲ್ಲ ಮಾರಾಯ್ರೆ. ವಿಪಿಎನ್ ಹಾಕಿದ್ದು ಯಾಕೆ ಮತ್ತೆ?

ಬೂದುಬೆಕ್ಕು

ಬೇಕಾದಾಗ ಆನ್ ಮಾಡಿ, ನೆಂಟರು ಇಳಿಸಿಕೊಂಡ ಮೇಲೆ ಆಫ್ ಮಾಡೋದು. ಲಿಂಕ್‌ಗೆ ಪಾಸ್‌ವರ್ಡ್, ಮುಗಿಯುವ ದಿನಾಂಕ ಎರಡೂ ಹಾಕೋದು. ವರ್ಷಕ್ಕೆ ಎಲ್ಲೋ ಒಂದೆರಡು ಆಲ್ಬಮ್‌ಗೆ ಇಷ್ಟು ಸಾಕು. ಶಾಶ್ವತವಾಗಿ ತೆರೆದಿಡಿ ಅಂತ ಇವರ ವಿಷಯದಲ್ಲಿ ನಾನೂ ಹೇಳಲ್ಲ.

ಸೊನ್ನೆಒಂದು

ಬ್ಯಾಕಪ್ ಬಗ್ಗೆ ಇನ್ನೂ ಒಬ್ಬರೂ ಬಾಯಿ ಬಿಟ್ಟಿಲ್ಲ!

ನೆಕ್ಸ್ಟ್‌ಕ್ಲೌಡ್ ಸಿಂಕ್ ಮಾಡುತ್ತೆ. ಅಂದರೆ ಲ್ಯಾಪ್‌ಟಾಪ್‌ನಲ್ಲಿ ಡಿಲೀಟ್ ಮಾಡಿದ್ದು ಎಲ್ಲ ಕಡೆ ಡಿಲೀಟ್ ಆಗುತ್ತೆ. ಕಸದ ಬುಟ್ಟಿಯಲ್ಲಿ ಮಾಮೂಲಿಯಾಗಿ 30 ದಿನ ಇರುತ್ತೆ, ಜಾಗ ಸಾಲದಿದ್ದರೆ ಆಮೇಲೆ ಹೋಗುತ್ತೆ. ಎರಡು ಡಿಸ್ಕ್ ಹಾಕಿ ರೇಡ್ (ಎರಡಕ್ಕೂ ಒಟ್ಟಿಗೇ ಬರೆಯೋದು) ಮಾಡಿದರೂ ಅಷ್ಟೇ, ತಪ್ಪಾಗಿ ಅಳಿಸಿದ್ದು ಎರಡರಲ್ಲೂ ಅಳಿಸಿಹೋಗುತ್ತೆ.

ಬ್ಯಾಕಪ್ ಅಂದರೆ ಮೂರು ವಸ್ತು: ಡೇಟಾ ಫೋಲ್ಡರ್, ಡೇಟಾಬೇಸ್‌ನ ಡಂಪ್ (ಪೂರ್ತಿ ನಕಲಿನ ಫೈಲ್), ಕಾನ್ಫಿಗ್ ಫೋಲ್ಡರ್. ಮೂರನೆಯದನ್ನು ಜನ ಮರೆಯುತ್ತಾರೆ. ಸೀಕ್ರೆಟ್, ಪಾಸ್‌ವರ್ಡ್ ಸಾಲ್ಟ್ ಎಲ್ಲ ಇರೋದು ಅಲ್ಲೇ. ಮೂರನ್ನೂ ಒಂದೇ ಹೊತ್ತಿನಲ್ಲಿ ತೆಗೆಯಬೇಕು. ಮೊದಲು ಮೇಂಟೆನೆನ್ಸ್ ಮೋಡ್ ಆನ್, ಡಂಪ್, ನಕಲು, ಆಮೇಲೆ ಆಫ್. ಇಲ್ಲದಿದ್ದರೆ ಡೇಟಾಬೇಸ್‌ನಲ್ಲಿ ಇರುವ ಫೈಲ್ ಡಿಸ್ಕ್‌ನಲ್ಲಿ ಇರಲ್ಲ, ಡಿಸ್ಕ್‌ನಲ್ಲಿ ಇದ್ದದ್ದು ಡೇಟಾಬೇಸ್‌ಗೆ ಗೊತ್ತಿರಲ್ಲ.

ಉಪಕರಣಕ್ಕೆ ರೆಸ್ಟಿಕ್ ಅಥವಾ ಬೋರ್ಗ್. ಎರಡೂ ಎನ್‌ಕ್ರಿಪ್ಟ್ ಮಾಡಿ ಕಳಿಸಬಲ್ಲವು (ಬೋರ್ಗ್‌ನಲ್ಲಿ ಶುರುವಿನಲ್ಲೇ ಅದನ್ನು ಆರಿಸಿ), ಬದಲಾದ ಭಾಗ ಮಾತ್ರ ಹೋಗುತ್ತೆ. ಒಂದು ನಕಲು ಮನೆಯ ಇನ್ನೊಂದು ಡಿಸ್ಕ್‌ಗೆ, ಒಂದು ಬೇರೆ ಮನೆಗೆ. ಸ್ನೇಹಿತರ ಮನೆಯಲ್ಲೂ ಒಂದು ಪೈ ಇದ್ದರೆ ಒಬ್ಬರದನ್ನು ಒಬ್ಬರು ಇಟ್ಟುಕೊಳ್ಳಬಹುದು. ದೂರದ ಕಡೆ ಅಪೆಂಡ್-ಓನ್ಲಿ ಮಾಡಿಸಿ. ನಿಮ್ಮ ಪೈಗೆ ಯಾರಾದರೂ ನುಗ್ಗಿದರೂ ಹಳೆ ಬ್ಯಾಕಪ್ ಅಳಿಸೋಕೆ ಆಗಬಾರದು. ರೆಸ್ಟಿಕ್‌ನ ಪಾಸ್‌ವರ್ಡನ್ನು ಆ ಪೈ ಮೇಲೆ ಮಾತ್ರ ಇಟ್ಟುಕೊಂಡಿದ್ದರೆ, ಪೈ ಹೋದ ದಿನ ಬ್ಯಾಕಪ್ ಕೂಡ ಹೋಯ್ತು ಅಂತಲೇ ಲೆಕ್ಕ. ಕಾಗದದ ಮೇಲೆ ಬರೆದಿಡಿ, ಮನೆಯಲ್ಲಿ ಇನ್ನೊಬ್ಬರಿಗೂ ಎಲ್ಲಿದೆ ಅಂತ ಹೇಳಿರಿ.

ಆಮೇಲೆ ಒಂದು ಸಲ ಪೂರ್ತಿ ಮರಳಿ ತಂದು ನೋಡಿ. ಹಳೆ ಲ್ಯಾಪ್‌ಟಾಪ್ ಸಾಕು.

ಪುಟ್ಟಪೆಟ್ಟಿಗೆ

ರೆಸ್ಟಿಕ್ ಹಾಕಿದೆ. ಹಳೆ ಲ್ಯಾಪ್‌ಟಾಪ್‌ನಲ್ಲಿ ಮರಳಿ ತಂದೂ ನೋಡಿದೆ, ಅಮ್ಮನ ಖಾತೆಯಲ್ಲಿ ಲಾಗಿನ್ ಆಗಿ ಫೋಟೋ ತೆರೆದು ನೋಡಿದೆ. ಎಲ್ಲ ಬಂತು. ಹಳೆ ಹಾರ್ಡ್ ಡಿಸ್ಕ್‌ನ ಫೋಟೋಗಳನ್ನು ಮಾತ್ರ ನೇರವಾಗಿ ಡೇಟಾ ಫೋಲ್ಡರ್‌ಗೆ ಕಾಪಿ ಮಾಡಿದ್ದೆ, ಅವು ಯಾವ ಕಡೆಯೂ ಕಾಣ್ತಿಲ್ಲ. ಇನ್ನೊಂದು, ಕರೆಂಟ್ ಹೋಗಿ ಬಂದ ಮೇಲೆ ಸ್ವಲ್ಪ ಹೊತ್ತು ಎರಡನೇ ಹಂತದ ಕೋಡ್ ತಪ್ಪು ಅನ್ನುತ್ತೆ. ಆಮೇಲೆ ತಾನೇ ಸರಿಹೋಗುತ್ತೆ.

ಕೀಲಿಕೈ

ಕಾಪಿ ಮಾಡಿದ್ದಕ್ಕೆ ನೆಕ್ಸ್ಟ್‌ಕ್ಲೌಡ್‌ನ ಒಸಿಸಿ ಕಮಾಂಡ್‌ನಲ್ಲಿ ಫೈಲ್ ಸ್ಕ್ಯಾನ್ ಓಡಿಸಿ. ನೆಕ್ಸ್ಟ್‌ಕ್ಲೌಡ್ ತನ್ನ ಡೇಟಾಬೇಸ್‌ನಲ್ಲಿ ಇದ್ದದ್ದನ್ನು ಮಾತ್ರ ತೋರಿಸುತ್ತೆ. ಓಡಿಸುವ ಮೊದಲು ಆ ಫೈಲ್‌ಗಳ ಮಾಲೀಕ ವೆಬ್ ಸರ್ವರ್‌ನ ಬಳಕೆದಾರ ಆಗಿದ್ದಾನಾ ನೋಡಿ.

ಕೋಡ್ ವಿಷಯ ಗಡಿಯಾರದ್ದು. ಪೈ 4 ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಬಂದಾಗ ಕೊನೆಗೆ ಉಳಿಸಿಕೊಂಡಿದ್ದ ಸಮಯದಿಂದಲೇ ಶುರು ಮಾಡುತ್ತೆ, ಇಂಟರ್ನೆಟ್ ಸಿಕ್ಕ ಮೇಲೆ ಸರಿಯಾದ ಸಮಯ ತಗೊಳ್ಳುತ್ತೆ. ರೌಟರ್ ಏಳೋದು ಪೈಗಿಂತ ನಿಧಾನ. ಆ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುವುದರಿಂದ ಗಡಿಯಾರ ಹಿಂದಿದ್ದರೆ ತಪ್ಪು ಅನ್ನುತ್ತೆ. ಒಂದು ಚಿಕ್ಕ ಆರ್‌ಟಿಸಿ (ಬ್ಯಾಟರಿ ಗಡಿಯಾರ) ಮಾಡ್ಯೂಲ್ ಪಿನ್‌ಗಳಿಗೆ ಸಿಕ್ಕಿಸಿದರೆ ಮುಗೀತು. ಪೈ 5 ರಲ್ಲಿ ಗಡಿಯಾರ ಬೋರ್ಡ್ ಮೇಲೇ ಇದೆ, ಬ್ಯಾಟರಿ ಮಾತ್ರ ಬೇರೆ ಹಾಕಬೇಕು. ವಿಪಿಎಸ್‌ಗೆ ತಾವೇ ವೈರ್‌ಗಾರ್ಡ್ ಕಟ್ಟಿದವರೂ ಇದನ್ನು ಗಮನಿಸಿ. ಪೈನ ಗಡಿಯಾರ ಹಿಂದೆ ಸರಿದರೆ ಆ ಕಡೆಯವರು ಅದನ್ನು ಹಳೆ ಸಂದೇಶ ಅಂದುಕೊಂಡು ತಳ್ಳಿಹಾಕುತ್ತಾರೆ, ಸಮಯ ಸರಿಹೋಗುವವರೆಗೆ ಸುರಂಗ ಏಳಲ್ಲ.

ಪುಟ್ಟಪೆಟ್ಟಿಗೆ

ಸ್ಕ್ಯಾನ್ ಮಾಡಿದೆ, ಫೋಟೋ ಎಲ್ಲ ಬಂದವು. ಅಪ್ಪ ತಮ್ಮ ಸ್ಕ್ಯಾನ್‌ಗಳಿಗೆ ಕನ್ನಡದಲ್ಲಿ ಉದ್ದುದ್ದ ಹೆಸರು ಇಡ್ತಾರೆ, ಒಂದು ಪೂರ್ತಿ ವಾಕ್ಯವನ್ನೇ ಬರೆದಿರ್ತಾರೆ. ಅವುಗಳಲ್ಲಿ ಕೆಲವು ಮಾತ್ರ ಅಪ್‌ಲೋಡ್ ಆಗ್ತಿಲ್ಲ. ಫಾಂಟ್ ಸಮಸ್ಯೆ ಇರಬಹುದಾ?

ತಂತಿಜಾಲ

ಫಾಂಟ್ ಅಲ್ಲ, ಉದ್ದ. ಎಕ್ಸ್ಟ್4 ರಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಅಂದರೆ ಒಟ್ಟು 85 ಸಂಕೇತ. ಅದರಲ್ಲೂ ಕಾಗುಣಿತದ ಗುರುತು ಬೇರೆ ಸಂಕೇತ, ಒತ್ತಕ್ಷರಕ್ಕೆ ಬೇಕಾದ ಹಲಂತ ಬೇರೆ. 'ಸ್ತ್ರೀ' ಅನ್ನೋದು ನಮಗೆ ಒಂದೇ ಅಕ್ಷರ, ಡಿಸ್ಕ್‌ಗೆ ಆರು ಸಂಕೇತ, 18 ಬೈಟ್. ವಿಂಡೋಸ್‌ನಲ್ಲಿ ಲೆಕ್ಕ ಬೇರೆ ಇರುವುದರಿಂದ ಅಲ್ಲಿ ಅದೇ ಹೆಸರು ಹಿಡಿಯುತ್ತೆ, ಪೈಗೆ ಬಂದಾಗ ಜಾಗ ಸಾಲಲ್ಲ. ಅಪ್ಪನಿಗೆ ವಾಕ್ಯವನ್ನು ಫೋಲ್ಡರ್ ಹೆಸರಿಗೆ ಅರ್ಧ, ಫೈಲ್ ಹೆಸರಿಗೆ ಅರ್ಧ ಹಂಚೋಕೆ ಹೇಳಿ. ಮಿತಿ ಇರೋದು ಒಂದೊಂದು ಹೆಸರಿಗೆ ಪ್ರತ್ಯೇಕವಾಗಿ.